ಹಳೆಯ ಜೀಪು ಮತ್ತು ನಿಮ್ಮ ಬೆನ್ನು

ಮಲೆನಾಡು, ಕೊಡಗಿನ ತೋಟದ ಮನೆಗಳಲ್ಲಿ ಹಳೆಯ ಜೀಪನ್ನು ಅಷ್ಟು ಸುಲಭವಾಗಿ ಮಾರುವುದಿಲ್ಲ. ಮಹೀಂದ್ರ ಸಂಸ್ಥೆ 1947ರಲ್ಲಿ ನಮ್ಮ ದೇಶದಲ್ಲಿ ಜೀಪುಗಳ ಜೋಡಣೆ ಆರಂಭಿಸಿದ ಮೇಲೆ ಗೊಬ್ಬರದ ಚೀಲ, ಕಾಫಿ ಮೂಟೆ, ಶಾಲೆಯ ಮಕ್ಕಳು, ಹೆರಿಗೆಗೆ ಹೊರಟ ಹೆಣ್ಣುಮಕ್ಕಳು ಹೀಗೆ ಎಲ್ಲರನ್ನೂ ಹೊತ್ತ ವಾಹನ ಅದು. ಕೆಸರಿನ ಏರಿನಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಅದೇ ಜೀಪಿನಲ್ಲಿ ಚಿಕ್ಕಮಗಳೂರಿನಿಂದ ಬೆಂಗಳೂರಿಗೆ ಸುಮಾರು 250 ಕಿ.ಮೀ. ಪ್ರಯಾಣ ಮಾಡಿದವರು ಸೊಂಟ ಹಿಡಿದುಕೊಂಡೇ ಇಳಿಯುತ್ತಾರೆ. ಮರುದಿನ ವೈದ್ಯರಲ್ಲಿ ನೋವಿನ ಮಾತ್ರೆ ಕೇಳುತ್ತಾರೆ. ಇಂಥ ನೋವಿನಲ್ಲಿ ಅನೇಕ ವೇಳೆ ಮೊದಲು ಚಿಕಿತ್ಸೆ ಬೇಕಾಗಿರುವುದು ಜೀಪಿಗೆ, ಅನಂತರ ಬೆನ್ನಿಗೆ.

ನೋವು ಬರುವುದು ಹೇಗೆ?

ಹಳೆಯ ಜೀಪಿನ ನಾಲ್ಕೂ ಚಕ್ರಗಳಿಗೆ ಕಮಾನು ಪಟ್ಟಿಯ ಸ್ಪ್ರಿಂಗುಗಳಿರುತ್ತವೆ. ಭಾರ ಹೊರಲೆಂದೇ ಅವುಗಳನ್ನು ಬಿಗಿಯಾಗಿ ಮಾಡಲಾಗಿದೆ. ಜೊತೆಗೆ ಸಿಜೆ-3ಬಿ ಮಾದರಿಯಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 80 ಅಂಗುಲ, ಅಂದರೆ ಸುಮಾರು 2 ಮೀಟರ್ ಮಾತ್ರ. ಆದ್ದರಿಂದ ರಸ್ತೆಯ ಸಣ್ಣ ಉಬ್ಬೂ ಜೀಪನ್ನು ಮುಂದಕ್ಕೂ ಹಿಂದಕ್ಕೂ ತೂಗಿಸುತ್ತದೆ.

ಕುಳಿತ ಮನುಷ್ಯನ ದೇಹ ಸೆಕೆಂಡಿಗೆ ಸುಮಾರು 4ರಿಂದ 6 ಬಾರಿಯ ಕಂಪನಕ್ಕೆ ಹೆಚ್ಚು ಸ್ಪಂದಿಸುತ್ತದೆ. ಈ ವೇಗದ ಕುಲುಕಾಟ ಸೀಟಿನಿಂದ ಬೆನ್ನುಮೂಳೆಗೆ ಏರಿದಾಗ ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ. ಅದನ್ನು ತಡೆಯಲು ಬೆನ್ನಿನ ಸ್ನಾಯುಗಳು ಬಿಡುವಿಲ್ಲದೆ ಬಿಗಿದುಕೊಂಡು ದಣಿಯುತ್ತವೆ. ಮೂಳೆಗಳ ನಡುವಿನ ಮೆತ್ತೆಗಳಿಗೆ, ಅಂದರೆ ಡಿಸ್ಕುಗಳಿಗೆ, ವಯಸ್ಕರಲ್ಲಿ ನೇರ ರಕ್ತ ಪೂರೈಕೆ ಇಲ್ಲವೆನ್ನಬಹುದು. ಅಕ್ಕಪಕ್ಕದ ಮೂಳೆಯಿಂದ ಜಿನುಗಿ ಬರುವ ಪೋಷಣೆಯೇ ಅವುಗಳ ಆಧಾರ. ಅದಕ್ಕೆ ದೇಹದ ಚಲನೆ ನೆರವಾಗುತ್ತದೆ. ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ಕುಳಿತು ಕುಲುಕಿದರೆ ಅವು ಬಳಲುತ್ತವೆ.

ಗ್ಯಾರೇಜಿನಲ್ಲಿ ಆಗಬೇಕಾದದ್ದು

ಮೊದಲು ಟೈರ್ ನೋಡಿ. ಗಾಳಿ ಹೆಚ್ಚಾದರೆ ಟೈರು ಕಲ್ಲಿನಂತಾಗುತ್ತದೆ. ಕೆಸರಿಗೆಂದು ಇಳಿಸಿದ ಗಾಳಿಯನ್ನು ಹೆದ್ದಾರಿಗೆ ಬಂದಾಗ ಮತ್ತೆ ತುಂಬಿಸದಿದ್ದರೆ ಟೈರು ಕಾದು ಸಿಡಿಯುವ ಅಪಾಯವಿದೆ. ಟೈರು ತಣ್ಣಗಿರುವಾಗ, ತಯಾರಕರು ಹೇಳಿದಷ್ಟೇ ಗಾಳಿ ಹಾಕಿಸಿ. ಓಡಾಟ ಹೆಚ್ಚಾಗಿ ಡಾಂಬರು ರಸ್ತೆಯಲ್ಲಾದರೆ ದಪ್ಪ ಹಲ್ಲಿನ ಕೆಸರು ಟೈರು ಬೇಡ. ಸದ್ದೂ ನಡುಕವೂ ಅದರಿಂದಲೇ ಬಹಳ.

ಎರಡನೆಯದು ಸ್ಪ್ರಿಂಗ್. ಪಟ್ಟಿಗಳ ನಡುವೆ ತುಕ್ಕು ಹಿಡಿದರೆ ಅವು ಒಂದರ ಮೇಲೊಂದು ಜಾರುವುದಿಲ್ಲ, ಇಡೀ ಕಟ್ಟು ಒಂದೇ ಕಬ್ಬಿಣದ ತುಂಡಿನಂತೆ ವರ್ತಿಸುತ್ತದೆ. ಬಿಚ್ಚಿಸಿ, ತುಕ್ಕು ತೆಗೆಸಿ, ಸವೆದ ಬುಷ್‌ಗಳನ್ನು ಬದಲಿಸಿ. ಹೆಚ್ಚು ಭಾರ ಹೊರಲೆಂದು ಯಾವತ್ತೋ ಸೇರಿಸಿದ ಹೆಚ್ಚುವರಿ ಪಟ್ಟಿ ಇದ್ದರೆ, ಈಗ ಅಷ್ಟು ಭಾರ ಹೊರುವುದಿಲ್ಲವಾದರೆ ತೆಗೆಸಬಹುದು. ಶಾಕ್ ಅಬ್ಸಾರ್ಬರ್‌ನಲ್ಲಿ ಎಣ್ಣೆ ಸೋರಿದ ಗುರುತಿದ್ದರೆ, ಅಥವಾ ಜೀಪಿನ ಮೂಲೆಯನ್ನು ಅದುಮಿ ಬಿಟ್ಟಾಗ ಎರಡು ಮೂರು ಬಾರಿ ಕುಣಿದರೆ, ಅದರ ಆಯುಸ್ಸು ಮುಗಿದಿದೆ. ಆದರೆ ಚಾಸಿ, ಎಂಜಿನ್‌ನಂಥ ಮೂಲ ರಚನೆಯನ್ನು ಬದಲಿಸಲು ಹೋಗಬೇಡಿ. ನೋಂದಣಿಗೂ ಸುರಕ್ಷತೆಗೂ ತೊಡಕು.

ಸೀಟಿನ ಗುಟ್ಟು

ಹಲವರು ಮಾಡುವ ಕೆಲಸವೆಂದರೆ ಸೀಟಿನ ಮೇಲೆ ದಿಂಬು ಇಡುವುದು. ಇದು ಸರಿಯಲ್ಲ. ಮೆತ್ತನೆಯ ದಿಂಬು ಪೂರ್ತಿ ಕುಸಿದು, ದೊಡ್ಡ ಗುಂಡಿ ಬಂದಾಗ ದೇಹ ತಳದ ಹಲಗೆಗೇ ಬಡಿಯುತ್ತದೆ. ಕುಶನ್ ಕೆಲಸದವರಿಂದ ಗಟ್ಟಿ ಫೋಮ್ ಹಾಕಿಸಿ. ತೀರಾ ಎತ್ತರವಾಗಿ ಮೊಣಕಾಲು ಸ್ಟೀರಿಂಗಿಗೆ ತಾಗದಂತೆ, ತಲೆ ಹುಡ್ಡಿನ ಸರಳಿಗೆ ಬಡಿಯದಂತೆ ನೋಡಿಕೊಳ್ಳಿ. ಬೆನ್ನಿನ ಭಾಗ ನೆಟ್ಟಗಿರದೆ 100ರಿಂದ 110 ಡಿಗ್ರಿಯಷ್ಟು ಹಿಂದಕ್ಕೆ ಒರಗಿರಲಿ. ಸೊಂಟದ ಕುಳಿಗೆ ಸುತ್ತಿದ ಟವೆಲ್ ಇಟ್ಟರೂ ಸಾಕು. ಹಿಂದಿನ ಜೇಬಿನಲ್ಲಿ ಪರ್ಸ್ ಇಟ್ಟುಕೊಂಡು ಓಡಿಸಬೇಡಿ.

ಹಿಂದೆ ಅಡ್ಡಡ್ಡ ಕೂರುವ ಬೆಂಚು ಹಿಂಚಕ್ರದ ಮೇಲೆಯೇ ಇರುವುದರಿಂದ ಅಲ್ಲಿ ಕುಲುಕಾಟ ಅತಿ ಹೆಚ್ಚು. ಅಜ್ಜಿಯನ್ನು ಅಲ್ಲಿ ಕೂರಿಸಬೇಡಿ. ಮುಟ್ಟು ನಿಂತ ಮೇಲೆ ಮೂಳೆ ಟೊಳ್ಳಾದ ಹೆಂಗಸರಲ್ಲಿ ಒಂದೇ ಒಂದು ಗುಂಡಿಯ ಏಟಿಗೆ ಬೆನ್ನುಮೂಳೆ ಕುಸಿದು ಮುರಿಯಬಲ್ಲದು. ‘ಉಳುಕಿರಬೇಕು’ ಎಂದು ಎಣ್ಣೆ ತಿಕ್ಕಿ ವಾರಗಟ್ಟಲೆ ಮಲಗಿಸಿದ ಮೇಲೆ ಎಕ್ಸ್‌ರೇಯಲ್ಲಿ ಇದು ಕಂಡುಬರುವುದುಂಟು. ಹಿರಿಯರಿಗೆ ಮುಂದಿನ ಸೀಟು ಕೊಡಿ. ಗರ್ಭಿಣಿಯರು ಇಂಥ ಪ್ರಯಾಣವನ್ನು ಸಾಧ್ಯವಾದಷ್ಟು ತಪ್ಪಿಸುವುದೇ ಒಳ್ಳೆಯದು.

ಹೊಗೆ ಮತ್ತು ಸದ್ದು

ಮುಂದೆ ಎಲ್ಲವನ್ನೂ ಮುಚ್ಚಿ ಹಿಂದಿನ ಟಾರ್ಪಾಲು ಎತ್ತಿ ಕಟ್ಟಿದರೆ ಸೈಲೆನ್ಸರಿನ ಹೊಗೆ ಹಿಂದಿನಿಂದ ಒಳಕ್ಕೆ ಎಳೆದುಕೊಳ್ಳುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಪೆಟ್ರೋಲ್ ಗಾಡಿಯಲ್ಲಿ ಈ ಅಪಾಯ ಹೆಚ್ಚು. ಪ್ರಯಾಣಿಕರೆಲ್ಲರಿಗೂ ಒಟ್ಟಿಗೆ ತಲೆನೋವು, ವಾಕರಿಕೆ ಬಂದರೆ ಘಾಟಿಯ ತಿರುವನ್ನು ದೂರದೆ ತಕ್ಷಣ ನಿಲ್ಲಿಸಿ ಹೊರಗೆ ಬನ್ನಿ. ಯಾರಾದರೂ ಮಂಕಾದರೆ ಆಸ್ಪತ್ರೆಗೆ ಕರೆದೊಯ್ಯಿರಿ. ಸೈಲೆನ್ಸರ್ ತೂತು ಮುಚ್ಚಿಸಿದರೆ ಹೊಗೆಯೂ ಸದ್ದೂ ಎರಡೂ ಇಳಿಯುತ್ತವೆ. ಗೇರ್‌ಬಾಕ್ಸಿನ ಮೇಲೆ ದಪ್ಪ ರಬ್ಬರ್ ಮ್ಯಾಟ್ ಹಾಸಿದರೆ ಕಾಲಿಗೆ ಬಡಿಯುವ ಕಾವೂ ಕಡಿಮೆಯಾಗುತ್ತದೆ.

ದಾರಿಯಲ್ಲಿ ಪಾಲಿಸಬೇಕಾದದ್ದು

ವೇಗ ತಗ್ಗಿಸುವುದೇ ಎಲ್ಲಕ್ಕಿಂತ ಅಗ್ಗದ ಔಷಧ. ಗಂಟೆ, ಒಂದೂವರೆ ಗಂಟೆಗೊಮ್ಮೆ ಇಳಿದು ಐದು ನಿಮಿಷ ನಡೆಯಿರಿ. ಊರು ತಲುಪಿದ ಕೂಡಲೇ ಮೂಟೆ ಇಳಿಸಲು ಬಗ್ಗಬೇಡಿ. ದಣಿದ ಬೆನ್ನು ಉಳುಕುವುದು ಆಗಲೇ. ಮೊದಲು ಹತ್ತು ನಿಮಿಷ ಅಡ್ಡಾಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು.

ಕಾಲಿನಲ್ಲಿ ಜೋಮು ಅಥವಾ ಬಲಹೀನತೆ, ಜ್ವರದೊಂದಿಗೆ ಬೆನ್ನುನೋವು, ಏಟಿನ ನಂತರ ಥಟ್ಟನೆ ಬಂದ ತೀವ್ರ ನೋವು ಇದ್ದರೆ ತಡಮಾಡದೆ ವೈದ್ಯರನ್ನು ಕಾಣಿರಿ. ಮೂತ್ರ ಕಟ್ಟುವುದು, ಹತೋಟಿ ತಪ್ಪುವುದು, ತೊಡೆಸಂದಿ ಮರಗಟ್ಟುವುದು ತುರ್ತು ಲಕ್ಷಣಗಳು. ಅದೇ ದಿನ ದೊಡ್ಡಾಸ್ಪತ್ರೆ ಸೇರಬೇಕು.

ಜೀಪಿನ ಬುಷ್ ಸವೆದರೆ ಹೊಸದು ಸಿಗುತ್ತದೆ. ಬೆನ್ನಿನ ಡಿಸ್ಕಿಗೆ ಬಿಡಿಭಾಗ ಅಷ್ಟು ಸುಲಭವಾಗಿ ಸಿಗುವುದಿಲ್ಲ ಎಂಬುದು ನೆನಪಿರಲಿ.