ಗಮನ ಕೊರತೆಯ ಪತ್ತೆ: ಪರೀಕ್ಷೆ ಹೇಳುವುದೆಷ್ಟು?

ಕುಳಿತಲ್ಲಿ ಕೂರದ, ಹೇಳಿದ್ದನ್ನು ಅರ್ಧ ಕೇಳಿ ಎದ್ದು ಓಡುವ ಮಗುವನ್ನು ನೀವು ನೋಡಿರುತ್ತೀರಿ. ಇದು ಬರೀ ತುಂಟತನವೋ ಅಥವಾ ಎಡಿಎಚ್‌ಡಿ ಎಂದು ಕರೆಯುವ ಗಮನ ಕೊರತೆಯ ತೊಂದರೆಯೋ? ಮಗುವನ್ನು ಸ್ವಲ್ಪ ಹೊತ್ತು ಕಂಪ್ಯೂಟರಿನ ಮುಂದೆ ಕೂರಿಸಿ ಇದನ್ನು ತೀರ್ಮಾನಿಸಬಹುದೇ?

ಇಂಥ ಪರೀಕ್ಷೆಗಳಲ್ಲಿ ಮುಖ್ಯವಾದುದು ‘ನಿರಂತರ ನಿರ್ವಹಣಾ ಪರೀಕ್ಷೆ’. 1956ರಲ್ಲಿ ಅಮೆರಿಕದ ರೋಸ್‌ವೋಲ್ಡ್ ಮತ್ತು ಸಂಗಡಿಗರು ಇದನ್ನು ರೂಪಿಸಿದ್ದು ಮೆದುಳಿಗಾದ ಹಾನಿಯನ್ನು ಗುರುತಿಸಲು. ಪರದೆಯ ಮೇಲೆ ಅಕ್ಷರಗಳು ಒಂದರ ಹಿಂದೊಂದು ಮೂಡುತ್ತವೆ. ಸೂಚಿಸಿದ ಅಕ್ಷರ ಬಂದಾಗ ಮಾತ್ರ ಗುಂಡಿ ಒತ್ತಬೇಕು. ಒತ್ತಬೇಕಾದಾಗ ಒತ್ತದಿದ್ದರೆ ಗಮನ ಜಾರಿದೆ ಎಂದೂ ಒತ್ತಬಾರದಾಗ ಒತ್ತಿದರೆ ದುಡುಕಿದೆ ಎಂದೂ ಅರ್ಥೈಸುತ್ತಾರೆ. ಪ್ರತಿಕ್ರಿಯೆಗೆ ಹಿಡಿದ ಕಾಲವನ್ನು, ಅದರ ಏರುಪೇರನ್ನು ಮಿಲಿಸೆಕೆಂಡುಗಳಲ್ಲಿ ಅಳೆಯುತ್ತಾರೆ.

ಅಳತೆಯೇನೋ ನಿಖರ. ಆದರೆ ತೀರ್ಮಾನ? ಒಂದು ಲೆಕ್ಕ ಮಾಡೋಣ. 1000 ಮಕ್ಕಳಲ್ಲಿ 50 ಮಂದಿಗೆ ಈ ತೊಂದರೆ ಇದೆಯೆನ್ನಿ. ತೊಂದರೆ ಇರುವವರಲ್ಲಿ ಶೇಕಡ 80 ಮಂದಿಯನ್ನು ‘ಇದೆ’ ಎಂದೂ, ಇಲ್ಲದವರಲ್ಲಿ ಶೇಕಡ 80 ಮಂದಿಯನ್ನು ‘ಇಲ್ಲ’ ಎಂದೂ ಪರೀಕ್ಷೆ ಸರಿಯಾಗಿ ಹೇಳುತ್ತದೆ ಎಂದಿಟ್ಟುಕೊಳ್ಳಿ. ಆಗ 50ರಲ್ಲಿ 40 ಮಂದಿ ಸಿಕ್ಕಿಬೀಳುತ್ತಾರೆ. 10 ಮಂದಿ ತಪ್ಪಿಹೋಗುತ್ತಾರೆ. ಉಳಿದ 950ರಲ್ಲಿ 190 ಮಂದಿಗೆ ಇಲ್ಲದ ತೊಂದರೆಯ ಹಣೆಪಟ್ಟಿ! ಅಂದರೆ ‘ಇದೆ’ ಎನಿಸಿಕೊಂಡ 230 ಮಕ್ಕಳಲ್ಲಿ ನಿಜವಾಗಿ ತೊಂದರೆ ಇರುವುದು ಸುಮಾರು ಆರರಲ್ಲಿ ಒಬ್ಬರಿಗೆ ಮಾತ್ರ. ದೋಷ ಉಪಕರಣದ್ದಷ್ಟೇ ಅಲ್ಲ. ಹುಡುಕುವ ಸಂಗತಿ ವಿರಳವಾಗಿದ್ದಾಗ ಹೀಗಾಗುವುದು ಸಹಜ.

ನಿದ್ದೆಗೆಟ್ಟ, ಹೆದರಿದ, ಕಣ್ಣು ಸರಿಯಾಗಿ ಕಾಣದ ಮಗುವೂ ಇದೇ ತಪ್ಪುಗಳನ್ನು ಮಾಡಬಹುದು. ತೊಂದರೆ ಇರುವ ಮಗು ಸದ್ದಿಲ್ಲದ ಹೊಸ ಕೋಣೆಯಲ್ಲಿ ಚೆನ್ನಾಗಿಯೇ ಮಾಡಿಬಿಡಬಹುದು.

ಆದ್ದರಿಂದಲೇ ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪ್ರಕಟಿಸಿದ ಮಾನದಂಡಗಳು ಮಗುವಿನ ದಿನನಿತ್ಯದ ನಡವಳಿಕೆಯನ್ನೇ ಆಧರಿಸಿವೆ. ಗಮನ ಕೊರತೆಯ 9 ಲಕ್ಷಣಗಳಲ್ಲಿ ಅಥವಾ ಅತಿಚಟುವಟಿಕೆ ಮತ್ತು ದುಡುಕಿನ 9 ಲಕ್ಷಣಗಳಲ್ಲಿ ಕನಿಷ್ಠ 6 ಇರಬೇಕು. 6 ತಿಂಗಳಾದರೂ ಮುಂದುವರಿದಿರಬೇಕು. ಕೆಲವಾದರೂ 12 ವರ್ಷಕ್ಕೆ ಮೊದಲೇ ಕಂಡಿರಬೇಕು. ಮನೆ, ಶಾಲೆ ಹೀಗೆ ಎರಡು ಕಡೆಯಾದರೂ ಕಾಣಿಸಿಕೊಂಡು ಮಗುವಿನ ಬದುಕಿಗೆ ಅಡ್ಡಿಯಾಗಿರಬೇಕು.

ಹಾಗಾದರೆ ಪರೀಕ್ಷೆ ನಿರರ್ಥಕವೇ? ಇಲ್ಲ. ತಜ್ಞರ ತಪಾಸಣೆಯ ಜೊತೆಗೆ ಅದು ಪೂರಕ ಸಾಕ್ಷ್ಯವಾಗಬಲ್ಲದು. ಮಗುವನ್ನು ತಜ್ಞರ ಬಳಿಗೆ ಕರೆದೊಯ್ಯುವಾಗ ಅಂಕಪಟ್ಟಿಯೊಂದನ್ನೇ ಒಯ್ಯಬೇಡಿ. ಮನೆಯಲ್ಲಿ ನೀವು ಕಂಡದ್ದನ್ನೂ ಶಾಲೆಯಲ್ಲಿ ಶಿಕ್ಷಕರು ಕಂಡದ್ದನ್ನೂ ಬರೆದುಕೊಂಡು ಹೋಗಿ. ದೃಷ್ಟಿ, ಶ್ರವಣ ಮತ್ತು ನಿದ್ರೆಯ ಬಗೆಗೂ ವಿಚಾರಿಸಿ.