ಒಂದು ಆಟ, ಎರಡು ಹೊಳೆ

ಆಳಂದ ತಾಲ್ಲೂಕಿನಲ್ಲಿ ಹರಿದು ಬರುವ ಅಮರ್ಜಾ ನದಿಯು ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ದತ್ತಾತ್ರೇಯನ ದರ್ಶನಕ್ಕೆ ಹೋಗುವ ಯಾತ್ರಿಕರು ಈ ಸಂಗಮದಲ್ಲಿ ಮಿಂದು ಪುನೀತರಾಗುವುದು ವಾಡಿಕೆ. ಅಲ್ಲಿಂದ ಮುಂದೆ ಜೇವರ್ಗಿಯ ಸೀಮೆಗೆ ಇಳಿಯುವಾಗ ಆ ನೀರಿಗೆಲ್ಲ ಭೀಮೆಯೆಂಬ ಒಂದೇ ಹೆಸರು. ಕಟ್ಟಿಸಂಗಾವಿಯ ಸೇತುವೆಯ ಮೇಲೆ ನಿಂತು, ಇದರಲ್ಲಿ ಅಮರ್ಜೆಯ ಪಾಲು ಯಾವುದೆಂದು ಕೇಳಿದರೆ ಯಾರು ತಾನೆ ತೋರಿಸಬಲ್ಲರು? ನಿಜವಾಗಿ ಬೆರೆತ ಮೇಲೆ ಬೇರ್ಪಡಿಸುವ ಮಾತೇ ಇಲ್ಲ.

ಈ ವಿಚಾರ ನನ್ನ ಮನಸ್ಸಿಗೆ ಬಂದದ್ದು ಮಾತ್ರ ನದಿಯ ದಂಡೆಯಲ್ಲಲ್ಲ. ಕಳೆದ ಬೇಸಗೆಯಲ್ಲಿ, ಅಫಜಲಪುರದ ಬಂಧುಗಳೊಬ್ಬರ ಮನೆಯ ಪಡಸಾಲೆಯಲ್ಲಿ. ತಂದೆಯು ಮಗನ ಕೈಯಿಂದ ಮೊಬೈಲನ್ನು ಕಸಿದುಕೊಂಡಿದ್ದರು. “ಮುಂಜಾನಿಂದ ಬರೀ ಹೊಡೆದಾಟ!” ಎಂದು ಅವರ ಗರ್ಜನೆ. “ಹೊಡೆದಾಟ ಮುಗದು ಎರಡು ದಿನ ಆಯ್ತು. ಈಗ ಊರು ಕಟ್ಲತ್ತೀನಿ” ಎಂದು ಹುಡುಗನ ಅಳು. ಇಬ್ಬರಲ್ಲಿ ಯಾರೂ ಸುಳ್ಳಾಡಿರಲಿಲ್ಲ. ಆ ಆಟದಲ್ಲಿ ಹೊಡೆದಾಟವೂ ಇತ್ತು, ಊರು ಕಟ್ಟುವುದೂ ಇತ್ತು.

ಸಾಹಿತ್ಯದಲ್ಲಿ ಇರುವಂತೆ ವಿಡಿಯೋ ಆಟಗಳಲ್ಲಿಯೂ ಪ್ರಕಾರಗಳುಂಟು. ಓಡಿ ಹಾರಿ ಶತ್ರುವನ್ನು ಸದೆಬಡಿಯುವುದು ಒಂದು. ಒಗಟು ಬಿಡಿಸುವುದು ಇನ್ನೊಂದು. ನಗರವನ್ನು ಕಟ್ಟಿ ಆಳುವುದು ಮತ್ತೊಂದು. ಇವುಗಳನ್ನು ಬೆಸೆದ ಆಟಗಳಲ್ಲಿ ಹೆಸರಾದದ್ದು ‘ಆಕ್ಟ್‌ರೈಸರ್’. ಜಪಾನಿನ ಕ್ವಿಂಟೆಟ್ ಎಂಬ ಸಂಸ್ಥೆಯು ಇದನ್ನು ರಚಿಸಿತು. ೧೯೯೦ರ ಡಿಸೆಂಬರಿನಲ್ಲಿ ಎನಿಕ್ಸ್ ಕಂಪನಿಯು ನಿಂಟೆಂಡೋದ ಸೂಪರ್ ಫ್ಯಾಮಿಕಾಮ್ ಯಂತ್ರಕ್ಕಾಗಿ ಅದನ್ನು ಹೊರತಂದಿತು. ೨೦೨೧ರಲ್ಲಿ ‘ಆಕ್ಟ್‌ರೈಸರ್ ರಿನೈಸಾನ್ಸ್’ ಎಂಬ ಹೆಸರಿನಲ್ಲಿ ಅದರ ಹೊಸ ರೂಪವು ಮೊಬೈಲಿಗೂ ಬಂದಿತು. ನಮ್ಮ ಹುಡುಗನ ಕೈಯಲ್ಲಿದ್ದುದು ಅದೇ.

ಇದರಲ್ಲಿ ಆಡುವವನು ಒಬ್ಬ ದೇವತೆ. ದುಷ್ಟಶಕ್ತಿಯು ಲೋಕವನ್ನು ಹಾಳುಗೆಡಹಿದೆ. ದೇವತೆಯು ಮೊದಲು ವೀರನೊಬ್ಬನ ಶಿಲಾಮೂರ್ತಿಯಲ್ಲಿ ಆವಾಹನೆಗೊಂಡು, ಖಡ್ಗ ಹಿರಿದು, ಒಂದು ಸೀಮೆಯ ರಾಕ್ಷಸರನ್ನು ಸಂಹರಿಸಬೇಕು. ಆಮೇಲೆ ಆಟದ ಮಗ್ಗುಲೇ ಬದಲಾಗುತ್ತದೆ. ಆಕಾಶದಿಂದ ನೆಲವನ್ನು ನೋಡುತ್ತ, ಅಳಿದುಳಿದ ಜನರಿಗೆ ದಾರಿ ತೋರಿಸಿ ಊರನ್ನು ಬೆಳೆಸಬೇಕು. ಸಿಡಿಲಿನಿಂದ ಪೊದೆಗಳನ್ನು ಸುಡಬೇಕು. ಬಿಸಿಲಿನಿಂದ ಜವುಗನ್ನು ಒಣಗಿಸಬೇಕು. ಮರಳುಗಾಡಿನ ಸೀಮೆಯೊಂದರಲ್ಲಿ ಮಳೆ ಸುರಿಸಿ ನೆಲವನ್ನು ಹಸನು ಮಾಡಬೇಕು. ಊರು ಬೆಳೆದ ಮೇಲೆ ಮತ್ತೆ ಯುದ್ಧ.

ಇದರಲ್ಲಿ ಏನು ಹೆಚ್ಚುಗಾರಿಕೆ? ಎರಡು ಆಟಗಳನ್ನು ಒಂದೇ ಚೀಲಕ್ಕೆ ಹಾಕಿದರೆ ಒಂದು ಆಟವಾಗದು. ಇಲ್ಲಿರುವ ಜಾಣತನ ಬೇರೆ. ಊರಿನ ಜನಸಂಖ್ಯೆ ಹೆಚ್ಚಿದಂತೆಲ್ಲ ದೇವತೆಯ ಪ್ರಾಣಬಲವೂ ಹೆಚ್ಚುತ್ತದೆ. ಹೊಲ ಹಸಿರಾಗದಿದ್ದರೆ ಖಡ್ಗಕ್ಕೆ ಬಲವಿಲ್ಲ. ಖಡ್ಗ ಗೆಲ್ಲದಿದ್ದರೆ ಹೊಲಕ್ಕೆ ನೆಲೆಯಿಲ್ಲ. ಒಂದು ಪ್ರಕಾರವು ಇನ್ನೊಂದಕ್ಕೆ ನೀರುಣಿಸುತ್ತದೆ.

ಇದಕ್ಕೆ ಸಾಕ್ಷಿಯು ಅದೇ ಆಟದ ಎರಡನೆಯ ಭಾಗದಲ್ಲಿದೆ. ೧೯೯೩ರಲ್ಲಿ ಬಂದ ‘ಆಕ್ಟ್‌ರೈಸರ್ ೨’ರಲ್ಲಿ ಊರು ಕಟ್ಟುವ ಭಾಗವನ್ನು ತೆಗೆದುಹಾಕಿ ಯುದ್ಧವನ್ನಷ್ಟೇ ಉಳಿಸಿಕೊಂಡರು. ಮೊದಲನೆಯದನ್ನು ಮೆಚ್ಚಿದ್ದ ಅನೇಕರಿಗೆ ಇದು ಸಪ್ಪೆಯೆನಿಸಿತು. ಬೆರಸಿದ್ದು ಹೆಚ್ಚಾದರೂ ಕಷ್ಟವೇ. ೨೦೦೮ರ ‘ಸ್ಪೋರ್’ ಎಂಬ ಅಮೆರಿಕದ ಆಟವು ಸೂಕ್ಷ್ಮಜೀವಿಯಿಂದ ಅಂತರಿಕ್ಷಯಾನದವರೆಗೆ ಐದು ಘಟ್ಟಗಳನ್ನು, ಐದು ಬಗೆಯ ಆಟಗಳನ್ನು ಪೋಣಿಸಿತು. ಸಾಹಸವನ್ನು ಎಲ್ಲರೂ ಹೊಗಳಿದರು. ಆದರೆ ಒಂದೊಂದು ಘಟ್ಟವೂ ತೆಳುವಾಯಿತೆಂಬ ಆಕ್ಷೇಪಣೆಯೂ ಕೇಳಿಬಂದಿತು.

ನಮ್ಮವರಿಗೆ ಈ ಮಿಶ್ರಣವಿದ್ಯೆ ಹೊಸದೇನಲ್ಲ. ಗದ್ಯಪದ್ಯಗಳನ್ನು ಹದವರಿತು ಬೆರಸಿದ ಚಂಪೂಕಾವ್ಯ ಕನ್ನಡದ ಹಿರಿಯ ಸೊತ್ತು. ಗದ್ಯವು ಕಥೆಯನ್ನು ನಡೆಸಿದರೆ ಪದ್ಯವು ಭಾವದ ಬಳಿ ತಂಗುತ್ತದೆ. ಅಷ್ಟು ದೂರವೇಕೆ, ಕಟ್ಟೆಯ ಕಲ್ಲಿನ ಮೇಲೆ ಗೆರೆ ಕೊರೆದು ಆಡುವ ಚೌಕಾಬಾರವನ್ನೇ ನೋಡಿ. ಕವಡೆ ಉರುಳುವಾಗ ಅದು ಅದೃಷ್ಟದಾಟ. ಕಾಯಿ ನಡೆಯುವಾಗ ಪಂದ್ಯ. ಎದುರಾಳಿಯ ಕಾಯನ್ನು ಹೊಡೆಯುವಾಗ ಯುದ್ಧ. ಒಂದಾದರೂ ಕಾಯನ್ನು ಹೊಡೆಯದ ಹೊರತು ಒಳಸುತ್ತಿಗೆ ಪ್ರವೇಶವಿಲ್ಲವೆಂಬ ನಿಯಮವನ್ನು ಅನೇಕ ಮನೆಗಳಲ್ಲಿ ಪಾಲಿಸುತ್ತಾರೆ. ಯುದ್ಧವನ್ನು ಪಂದ್ಯಕ್ಕೆ ಬಿಗಿದ ಗಂಟು ಅದು. ಆ ಗಂಟನ್ನು ಕಟ್ಟಿದ ಅನಾಮಿಕ ಅಜ್ಜಿಯೂ ಜಪಾನಿನ ಆ ಜಾಣರೂ ಒಂದೇ ಮರ್ಮವನ್ನು ಅರಿತಿದ್ದರು.

ಆದರೆ ಸಂಗಮಕ್ಕೆ ಹೊಳೆಯೇ ಬರಬೇಕೆಂದಿಲ್ಲ, ಚರಂಡಿಯೂ ಬಂದು ಬೀಳಬಹುದು. ಇಂದಿನ ಹಲವು ಆಟಗಳಲ್ಲಿ ಗುಟ್ಟಾಗಿ ಬೆರೆಯುವ ಇನ್ನೊಂದು ಪ್ರಕಾರವುಂಟು: ಅದು ಜೂಜು. ಹಣ ಕೊಟ್ಟು ಮುಚ್ಚಿದ ಪೆಟ್ಟಿಗೆಯನ್ನು ಕೊಳ್ಳಬೇಕು; ಒಳಗೆ ಏನಿದೆಯೆಂಬುದು ಅದೃಷ್ಟ. ೨೦೧೮ರಲ್ಲಿ ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಮಂಡಲಿಯು ಇಂಥ ಪೆಟ್ಟಿಗೆಗಳಲ್ಲಿ ಕೆಲವನ್ನು ಜೂಜೆಂದೇ ಸಾರಿತು. ನಮ್ಮ ಸಂಸತ್ತೂ ೨೦೨೫ರ ಆಗಸ್ಟ್‌ನಲ್ಲಿ ಹಣವನ್ನು ಪಣವಾಗಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಅಂಗೀಕರಿಸಿತು. ಧರ್ಮರಾಯನ ಪಗಡೆಯ ಕಥೆ ಕೇಳಿ ಬೆಳೆದ ನಾಡಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಗಡೆಯಲ್ಲಿ ದೋಷವಿರಲಿಲ್ಲ, ದೋಷವಿದ್ದುದು ಪಣದಲ್ಲಿ.

ಆದುದರಿಂದ ತಂದೆತಾಯಿಗಳಲ್ಲಿ ಒಂದು ಬಿನ್ನಹ. ಮಗುವಿನ ಕೈಯಿಂದ ಆಟವನ್ನು ಕಸಿಯುವ ಮುನ್ನ ಅರ್ಧ ಗಂಟೆ ಪಕ್ಕದಲ್ಲಿ ಕುಳಿತು ನೋಡಿರಿ. ಇದರಲ್ಲಿ ಯಾವ ಯಾವ ಆಟಗಳು ಬೆರೆತಿವೆ, ಒಂದು ಇನ್ನೊಂದಕ್ಕೆ ಏನು ಕೊಡುತ್ತದೆ ಎಂದು ಕೇಳಿರಿ. ಹೊತ್ತಿಗೊಂದು ಮಿತಿ ಬೇಕು, ನಿಜ. ಆದರೆ ಅರಿತವರು ಹಾಕಿದ ಮಿತಿಯನ್ನು ಮಕ್ಕಳು ಸುಲಭವಾಗಿ ಒಪ್ಪುತ್ತಾರೆ.

ಅಂದು ಸಂಜೆ ನಮ್ಮ ಬಂಧುಗಳೂ ಹಾಗೆಯೇ ಕುಳಿತರು. ತೊಗರಿ ಬೆಳೆದು ಅನುಭವವಿದ್ದವರು. ಪರದೆಯ ಮೇಲಿನ ಮರಳುಗಾಡನ್ನು ಕನ್ನಡಕದೊಳಗಿಂದ ದಿಟ್ಟಿಸಿ, ಮೆಲ್ಲನೆ ಅಂದರು: “ಮೊದಲ ಮಳಿ ಬಿಡು, ತಮ್ಮಾ. ನೆಲ ಹಸಿ ಆಗ್ಲಿ. ಆಮ್ಯಾಲ ಊರು.”

ಮಗ ಮಳೆ ಸುರಿಸಿದ. ಮೊಬೈಲು ಆಗ ಇಬ್ಬರ ಕೈಯಲ್ಲಿಯೂ ಇತ್ತು.