ಐದು ಮನೆಯ ಸಿಡಿ ಪೆಟ್ಟಿಗೆ

1999ರ ದೀಪಾವಳಿಗೆ ದುಬೈನಿಂದ ಬಂದ ಸೋದರಮಾವ ಧಾರವಾಡದ ನಮ್ಮ ಮನೆಗೆ ಐದು ಸಿಡಿ ಹಿಡಿಸುವ ಪ್ಲೇಯರ್ ತಂದರು. ಗುಂಡಿ ಒತ್ತಿದರೆ ಪರಾತದಗಲದ ಟ್ರೇ ಸರ್ರನೆ ಹೊರಬರುತ್ತಿತ್ತು. ಅದರಲ್ಲಿ ಐದು ದುಂಡನೆಯ ಗುಳಿ. ಚೌಕಾಬಾರ ಆಡಿ ಬೆಳೆದ ನಮಗೆ ಅವು ಐದು ‘ಮನೆ’ಗಳಾದವು.

ಮೊದಲ ಮನೆ ಅಪ್ಪನದು. ಅಲ್ಲಿ ಯಾವಾಗಲೂ ಮಲ್ಲಿಕಾರ್ಜುನ ಮನಸೂರರೇ. ಎರಡನೆಯದು ಅವ್ವನದು, ಭೀಮಸೇನ ಜೋಶಿಯವರ ದಾಸವಾಣಿ. ಮೂರನೆಯದರಲ್ಲಿ ಅಕ್ಕನ ಹಂಸಲೇಖ, ನಾಲ್ಕನೆಯದರಲ್ಲಿ ನನ್ನ ಇಳಯರಾಜ. ಐದನೆಯದು ಬಂದವರಿಗೆ, ಹೋದವರಿಗೆ. ಒಂದು ಸಿಡಿಗೆ 74 ನಿಮಿಷ ಎಂದು ಹಿಡಿದರೆ ಐದೂ ಮುಗಿಯಲು ಆರು ತಾಸಿನ ಮೇಲಾಗುತ್ತಿತ್ತು. ಭಾನುವಾರ ಬೆಳಗಿನ ಚಹಾಕ್ಕೆ ಹಚ್ಚಿದರೆ ಊಟ ಮುಗಿದು ಅಪ್ಪ ಅಡ್ಡಾಗುವವರೆಗೂ ಯಾರೂ ಏಳಬೇಕಾಗಿರಲಿಲ್ಲ.

ಒಂದು ಸಿಡಿ ಮುಗಿದು ಇನ್ನೊಂದು ಶುರುವಾಗುವ ನಡುವಿನ ಹತ್ತು-ಹನ್ನೆರಡು ಸೆಕೆಂಡು ನನಗೆ ಇಂದಿಗೂ ಕಿವಿಯಲ್ಲಿದೆ. ಮೊದಲು ‘ಟಕ್’. ಲೇಸರ್ ಹೊತ್ತ ಚೌಕಟ್ಟು ಕೆಳಗಿಳಿದು ಸಿಡಿಯನ್ನು ಗುಳಿಯಲ್ಲಿ ಬಿಟ್ಟ ಸದ್ದು ಅದು. ಆಮೇಲೆ ಟ್ರೇ ಗುರ್ ಎಂದು ಒಂದು ಮನೆ ಮುಂದೆ ತಿರುಗುತ್ತಿತ್ತು. ಮತ್ತೆ ‘ಟಕ್’, ಹೊಸ ಸಿಡಿ ಮೇಲೆದ್ದು ಆಯಸ್ಕಾಂತದ ಬಿಲ್ಲೆಗೆ ಕಚ್ಚಿಕೊಂಡಿತು. ಮನಸೂರರ ರಾಗ ಇಳಿಯಲು ಅಪ್ಪನಿಗೆ ಆ ಬಿಡುವು ಬೇಕೇ ಬೇಕಿತ್ತು. ಹಾಗೆಂದು ಅವರು ಎದ್ದು ಹೋಗುತ್ತಿರಲಿಲ್ಲ. ಸರದಿ ಬಂದ ಹಂಸಲೇಖರನ್ನೂ ಪೂರ್ತಿ ಕೇಳುತ್ತಿದ್ದರು. ಕಲಿಯದೆಯೇ ಅಕ್ಕನ ಬಾಯಿಗೆ ಮನಸೂರರ ಚೀಜುಗಳು ಬಂದದ್ದೂ ಹೀಗೆಯೇ. ನಮ್ಮ ಮನೆಗೆ ಸಂಗೀತ ಕಲಿಸಿದ್ದು ಈ ಸರದಿ ಎಂದು ನಾನು ನಂಬುತ್ತೇನೆ.

ಇಂಥ ಪ್ಲೇಯರ್ ಇಟ್ಟುಕೊಂಡವರಿಗೆ ಕೆಲವು ಪಾಠಗಳು ತಪ್ಪುವುದಿಲ್ಲ. ಕಾಗದದ ಲೇಬಲ್ ಅಂಟಿಸಿದ ಸಿಡಿ ಹಾಕಬಾರದು. ಬಿಸಿಗೆ ಅಂಚು ಬಿಟ್ಟುಕೊಂಡು ಒಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಪೆಟ್ಟಿಗೆಯನ್ನು ಸಾಗಿಸುವ ಮುಂಚೆ ಸಿಡಿಗಳನ್ನೆಲ್ಲ ತೆಗೆಯಬೇಕು, ಇಲ್ಲದಿದ್ದರೆ ಗುಳಿಯಿಂದ ಜಾರಿ ಹಲ್ಲುಗಾಲಿಗಳ ಸಂದಿಗೆ ಬೀಳುತ್ತವೆ. ಒರೆಸುವಾಗ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು, ಸುತ್ತಲಾಗಿ ಅಲ್ಲ. ಸಿಡಿಯ ಜಾಡು ಒಳಗಿನಿಂದ ಹೊರಕ್ಕೆ ಸುರುಳಿ ಸುತ್ತಿರುತ್ತದೆ. ಅದನ್ನು ಅಡ್ಡ ಹಾಯ್ದ ಗೀರನ್ನು ಯಂತ್ರ ಲೆಕ್ಕ ಹಾಕಿ ಸರಿಪಡಿಸಿಕೊಳ್ಳಬಲ್ಲದು, ಜಾಡಿನ ಉದ್ದಕ್ಕೂ ಬಿದ್ದ ಗೀರು ಅದರ ಕೈ ಮೀರಿದ್ದು. ಬಹಳ ಜನ ಹೊಳೆಯುವ ಬದಿಯನ್ನು ಜೋಪಾನ ಮಾಡುತ್ತಾರೆ. ಆ ಬದಿಗೆ ಒಂದು ಮಿಲಿಮೀಟರಿಗೂ ದಪ್ಪನೆಯ ಪ್ಲಾಸ್ಟಿಕ್ ಕವಚವಿದೆ. ಹೆಸರು ಅಚ್ಚಾದ ಬದಿಯಲ್ಲಿ ಬರಿಯ ತೆಳು ಲೇಪದಡಿಯೇ ಲೋಹದ ಪದರವಿರುವುದರಿಂದ ನಿಜಕ್ಕೂ ನಾಜೂಕಿನದು ಅದೇ.

2011ರ ಮಳೆಗಾಲದಲ್ಲಿ ಟ್ರೇ ಹೊರಬರುವುದನ್ನು ನಿಲ್ಲಿಸಿತು. ಗುಂಡಿ ಒತ್ತಿದರೆ ಒಳಗೆ ಮೋಟರು ಮಾತ್ರ ಗುಂಯ್‌ಗುಟ್ಟುತ್ತಿತ್ತು. ಸರ್ವಿಸ್ ಸೆಂಟರ್ ಒಂದಕ್ಕೆ ಹೊತ್ತೊಯ್ದರೆ ಬಿಚ್ಚಿಯೂ ನೋಡದೆ ‘ಪಾರ್ಟ್ಸ್ ಬರೂದಿಲ್ರೀ, ಗುಜರಿಗೆ ಹಾಕ್ರಿ’ ಅಂದರು. ಆ ಮಾತಿನ ನೋವು ಇನ್ನೂ ಹೋಗಿಲ್ಲ. ಐದು ಸಿಡಿಗಳನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಪೆಟ್ಟಿಗೆ ಅಟ್ಟ ಸೇರಿತು. ಒಳಗೆ ಯಾವ್ಯಾವುದಿದ್ದವು ಎಂಬುದೂ ಮರೆತುಹೋಯಿತು.

ಹೋದ ವರ್ಷ ರೇಡಿಯೊ ರಿಪೇರಿಯ ಹಳೆಯ ಕೈಯೊಬ್ಬರು ನಾಲ್ಕು ಸ್ಕ್ರೂ ತೆಗೆದು ಮುಚ್ಚಳ ಎತ್ತಿದರು. ಒಂದು ಬೆರಳು ಒಳಗೆ ಹಾಕಿ ಕಪ್ಪು ರಬ್ಬರಿನ ಸಣ್ಣ ಉಂಗುರವನ್ನು ಎಳೆದು ತೋರಿಸಿದರು. ‘ಮಷೀನಿಗೆ ಏನೂ ಆಗಿಲ್ರೀ ಸರ್. ಬೆಲ್ಟ್ ಸಡ್ಲ ಆಗೇತಿ, ಅಷ್ಟ.’ ಬಳೆಗಿಂತ ಚಿಕ್ಕದಾದ ಆ ಬೆಲ್ಟ್ ಅವರ ಕೈಯಲ್ಲೇ ಹಳೆಯ ಹುಣಸೆ ಸಿಪ್ಪೆಯಂತೆ ಮುರಿಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಅದೇ ಅಳತೆಯದನ್ನು ತರಿಸಿ, ರಾಟೆಯ ಜಿಗುಟನ್ನು ಸ್ಪಿರಿಟ್‌ನಿಂದ ಒರೆಸಿ, ಲೆನ್ಸಿನ ಧೂಳನ್ನು ಹತ್ತಿಯ ಕಡ್ಡಿಯಿಂದ ಮೆಲ್ಲನೆ ತೆಗೆದು, ‘ಒತ್ರಿ ಈಗ’ ಎಂದರು.

ಟ್ರೇ ಬಂತು. ಮನಸೂರರು, ದಾಸವಾಣಿ, ಹಂಸಲೇಖ, ಇಳಯರಾಜ. ಐದನೆಯ ಮನೆಯಲ್ಲಿ ನೀಲಿ ಸ್ಕೆಚ್ ಪೆನ್ನಿನಿಂದ ‘ಸೋಬಾನ’ ಎಂದು ಬರೆದ ಸಿಡಿ. ಅಕ್ಕನ ಮದುವೆಯಲ್ಲಿ ಅಜ್ಜಿಯೂ ಓಣಿಯ ಹೆಣ್ಣುಮಕ್ಕಳೂ ಹಾಡಿದ್ದನ್ನು ಕ್ಯಾಸೆಟ್‌ನಿಂದ ಇಳಿಸಿ ನಾನೇ ಬರೆಸಿದ್ದು. ಕಳೆದೇಹೋಯಿತೆಂದು ಅವ್ವ ಎಷ್ಟು ಸಲ ಹಲುಬಿದ್ದಳೋ.

ಅವತ್ತು ಸಂಜೆ ಅದನ್ನೇ ಮೊದಲು ಹಚ್ಚಿದೆವು. ಅಜ್ಜಿಯ ದನಿ ನಡುಮನೆ ತುಂಬಿತು. ಮನೆಯಲ್ಲಿ ಬರೆದ ಸಿಡಿಗಳು ಸಾಮಾನ್ಯವಾಗಿ ಹೊರ ಅಂಚಿನಿಂದ ಕೆಡುತ್ತಾ ಬರುತ್ತವೆ. ಹಾಡು ಶುರುವಾಗುವುದು ಒಳಗಿನಿಂದ. ಹಾಗಾಗಿ ಒಂದು ತಾಸಿನವರೆಗೆ ಒಂದು ಅಕ್ಷರವೂ ತಪ್ಪಲಿಲ್ಲ. ಕೊನೆಯ ಎರಡು ಹಾಡು ಬಂದಾಗ ಮಾತ್ರ ಕಟ್‌ಕಟ್ ಎಂದು ಹಾರತೊಡಗಿತು. ನಾನು ಸಿಡಿ ತೆಗೆಯಲು ಎದ್ದೆ.

‘ತೆಗೀಬ್ಯಾಡೋ,’ ಅಂದಳು ಅವ್ವ, ‘ಮತ್ತ ಮೊದಲಿಂದ ಹಚ್ಚು.’